ಜಾಸೂಸರ ಮನಿ

ಕಳೆದ ಮಳೆಗಾಲದಲ್ಲಿ ನಮ್ಮ ಶನಿವಾರದ ಗುಂಪು ಹೊಸ ಆಟ ಶುರು ಮಾಡಿತು. ಗುಂಪು ಅಂದ್ರೆ ಐದು ಜನ. ಇಬ್ಬರು ಸಾಫ್ಟ್‌ವೇರ್, ಒಬ್ಬಳು ಲಾಯರು, ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಬ್ಯಾಂಕಿನವನು. ಜಾಗ, ಬನಶಂಕರಿಯಲ್ಲಿರೋ ಲಾಯರ್ ಗೆಳತಿಯ ಮನೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಬಾಯಲ್ಲೇ ಕಥೆ ಕಟ್ಟುತ್ತ ಹೋಗೋದು. ಕೋಟೆ ಗೋಡೆ ಹತ್ತೋದು, ಕಾವಲುಗಾರನಿಗೆ ಸುಳ್ಳು ಹೇಳೋದು, ಇಂಥ ಕಷ್ಟದ ಕೆಲಸ ಬಂದಾಗ ದಾಳ ಉರುಳಿಸಿ, ಗೆದ್ದೆವೋ ಕೆಟ್ಟೆವೋ ನೋಡೋದು. ಬಯಲಾಟವನ್ನೂ ಚೌಕಾಬಾರವನ್ನೂ ಒಂದೇ ಮೇಜಿನ ಮೇಲೆ ಹಾಕಿದ ಹಾಗೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಬಂದಮೇಲೆ ಈ ಹುಚ್ಚು ಹಬ್ಬಿತು. 1980ರ ಹೊತ್ತಿಗೆ ‘ಟಾಪ್ ಸೀಕ್ರೆಟ್’ ಅನ್ನೋ ಬೇಹುಗಾರರ ಆಟವೂ ಬಂತು.

ನಮ್ಮ ಈ ಸಲದ ಆಟವೂ ಬೇಹುಗಾರರದ್ದೇ. ಆದರೆ ‘ಲೆಗಸಿ’ ಬಗೆಯದು. ನಿಮ್ಮ ಪಾತ್ರ ಸತ್ತರೆ, ಮುದಿಯಾದರೆ ಆಟ ನಿಲ್ಲೋದಿಲ್ಲ. ಅದರ ಮಗಳೋ ಶಿಷ್ಯನೋ ಮೊಮ್ಮಗನೋ ಆ ಜಾಗಕ್ಕೆ ಬರುತ್ತಾರೆ. ಹಿಂದಿನವರು ಮಾಡಿದ ಸಾಲ, ಗಳಿಸಿದ ಸ್ನೇಹ, ಕಟ್ಟಿಕೊಂಡ ಹಗೆ ಎಲ್ಲ ಮುಂದಿನವರ ತಲೆ ಮೇಲೆ. ಇದೂ ಹೊಸದಲ್ಲ. 1985ರ ‘ಪೆಂಡ್ರಾಗನ್’ ಆಟದಲ್ಲೇ ಅಪ್ಪನ ನಂತರ ಮಗ ಆಡೋ ಪದ್ಧತಿ ಇತ್ತು. ನಮಗೆ ಕೊಟ್ಟ ಕ್ಯಾರೆಕ್ಟರ್ ಶೀಟಿನಲ್ಲಿ ಶಕ್ತಿ, ಯುಕ್ತಿ, ವೇಷ, ಭಾಷೆ ಅಂತೆಲ್ಲ ಖಾನೆಗಳಿದ್ದವು. ಕೊನೇ ಖಾನೆಯಲ್ಲಿ ಒಂದು ಪ್ರಶ್ನೆ: ನಿನ್ನ ಹಿಂದಿನವರು ನಿನಗೆ ಏನು ಬಿಟ್ಟುಹೋಗಿದ್ದಾರೆ?

ನಾನು ಪೆನ್ನು ಮುಟ್ಟೋ ಮೊದಲೇ ನಕ್ಕುಬಿಟ್ಟೆ. “ಲೇ, ಊರಲ್ಲಿ ನಮ್ಮನೆಗೆ ಏನಂತಾರೆ ಗೊತ್ತಾ? ಜಾಸೂಸರ ಮನಿ ಅಂತಾರೆ!”

ಮೇಜಿನ ಸುತ್ತ ಎಲ್ಲರೂ ಹೋ ಅಂದರು. ನಿಜವಾದ ಬೇಹುಗಾರರ ವಂಶದವನೇ ಸಿಕ್ಕಿದ ಅಂತ ಅವರಿಗೆ ಖುಷಿ. ನನಗೂ ಖುಷಿ. ಚಿಕ್ಕವನಿದ್ದಾಗಿಂದ ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಮುತ್ತಜ್ಜ ಯಾರೋ ಜೇಮ್ಸ್ ಬಾಂಡ್ ಥರ ಇದ್ದಿರಬೇಕು ಅಂದುಕೊಂಡಿದ್ದೆ. ಯಾರು, ಏನು ಅಂತ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಆಟ ನಡೆಸೋಳು ಲಾಯರ್ ಗೆಳತಿ. ಅವಳದೊಂದು ಷರತ್ತು: “ನಾಲ್ಕು ತಲೆಮಾರಿನ ಹಿಂದಿನವರನ್ನ ಬರಿ. ಪ್ರತಿಯೊಬ್ಬರೂ ನಿನ್ನ ಊರಿನ ಸುತ್ತ ನಿಜವಾಗಿ ನಡೆದ ಒಂದು ಘಟನೆಗೆ ಅಂಟಿಕೊಂಡಿರಬೇಕು. ಸುಮ್ನೆ ಸಿನಿಮಾ ಬೇಡ.” ತಲೆಮಾರುಗಳ ನಡುವೆ ನೂರಾರು ವರ್ಷದ ಅಂತರ ಇದ್ದರೂ ನಡೆಯುತ್ತೆ, ಅದು ಆಟ.

ನನ್ನ ಊರು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ಈಚೆ ದಂಡೆ. ಅವ್ವನ ತವರು ಲಿಂಗಸುಗೂರಿನ ಕಡೆ. ಎರಡರ ನಡುವೆ ಮಸ್ಕಿ. ಸಿಂಧನೂರಿನಿಂದ ಬಸ್ ಹತ್ತಿದರೆ ಒಂದೇ ರಸ್ತೆಯಲ್ಲಿ ಮಸ್ಕಿ, ಆಮೇಲೆ ಲಿಂಗಸುಗೂರು. ದಾರಿಯುದ್ದಕ್ಕೂ ಮೊದಲು ಕಾಲುವೆ ನೀರಿನ ಭತ್ತದ ಗದ್ದೆ, ಆಮೇಲೆ ಎರೆಹೊಲ, ಗುಡ್ಡ, ಬಂಡೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ರಾಯಚೂರು ದೋಆಬ್ ಅಂತ ಹೆಸರು. ವಿಜಯನಗರ ಮತ್ತು ಬಹಮನಿಗಳು, ಆಮೇಲೆ ವಿಜಯನಗರ ಮತ್ತು ಬಿಜಾಪುರದವರು ಇನ್ನೂರು ವರ್ಷ ಕಿತ್ತಾಡಿದ ನೆಲ. ಬೇಹುಗಾರರಿಗೆ ಇದಕ್ಕಿಂತ ಒಳ್ಳೇ ಊರು ಎಲ್ಲಿ ಸಿಗಬೇಕು? ಎರಡು ವಾರಾಂತ್ಯ ಓದಿದರೆ ನಾಲ್ಕು ತಲೆಮಾರು ತುಂಬಿಬಿಡುತ್ತೆ ಅಂದುಕೊಂಡೆ.

ಮೊದಲನೆಯವನು ಮಸ್ಕಿಯವನು.

ಮಸ್ಕಿಯ ಗುಡ್ಡದ ಶಾಸನವನ್ನು ಆ ಕಡೆಯ ಮಕ್ಕಳೆಲ್ಲ ಶಾಲೆ ಟ್ರಿಪ್ಪಿನಲ್ಲಿ ನೋಡಿರ್ತೀವಿ. ಬಂಡೆ, ಕಂಬಿ, ಸವೆದ ಅಕ್ಷರ. ಮೇಷ್ಟ್ರು “ಇಲ್ಲೇ ನೋಡ್ರಿ ಅಶೋಕನ ಹೆಸರು ಸಿಕ್ಕಿದ್ದು” ಅಂತಿದ್ದರು, ನಾವು ಬುತ್ತಿ ಬಿಚ್ಚೋ ಟೈಮ್ ಯಾವಾಗ ಅಂತ ನೋಡ್ತಿದ್ದೆವು. ಈಗ ಮತ್ತೆ ಓದಿದಾಗ ಗೊತ್ತಾಯಿತು, ಅದೊಂದು ಗುರುತು ಬಯಲಾದ ಕಥೆ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ, ದೇಶದ ತುಂಬ ಕಂಬ, ಬಂಡೆಗಳ ಮೇಲೆ ಮಾತಾಡುತ್ತಿದ್ದ ರಾಜನ ಹೆಸರು ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ. ಅದು ಹೆಸರಲ್ಲ, ಬಿರುದು. ಸಿಂಹಳದ ಗ್ರಂಥಗಳ ಆಧಾರದಿಂದ ಅವನೇ ಅಶೋಕ ಅಂತ ಪಂಡಿತರು ಹೇಳಿದರು. ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬಾತನ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅಲ್ಲಿ ‘ಅಸೋಕಸ’ ಅಂತ ಸ್ಪಷ್ಟವಾಗಿ ಕೆತ್ತಿತ್ತು. ಎಪ್ಪತ್ತೆಂಟು ವರ್ಷ ಬಿರುದಿನ ಹಿಂದೆ ಅಡಗಿದ್ದವನ ನಿಜ ಹೆಸರು ಬಿಚ್ಚಿಟ್ಟದ್ದು ನಮ್ಮ ಮಸ್ಕಿ. ಗುಜರ್ರಾ, ನಿಟ್ಟೂರು, ಉದೇಗೋಳದ ಶಾಸನಗಳಲ್ಲಿ ಆ ಹೆಸರು ಸಿಕ್ಕಿದ್ದು ಆಮೇಲೆ.

ಅಶೋಕನಿಗೆ ಸುದ್ದಿ ತಂದುಕೊಡುವ ಜನ ಇದ್ದರು. ಅವನ ಆರನೇ ದೊಡ್ಡ ಬಂಡೆ ಶಾಸನದಲ್ಲಿ ಅವರನ್ನು ‘ಪಟಿವೇದಕ’ರು ಅಂತ ಕರೆದಿದೆ. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಜನರ ವಿಷಯವನ್ನು ಯಾವ ಹೊತ್ತಿನಲ್ಲಾದರೂ ನನಗೆ ತಿಳಿಸಬೇಕು ಅನ್ನೋದು ರಾಜನ ಅಪ್ಪಣೆ. ಇವರು ವರದಿಗಾರರೋ ಗೂಢಚಾರರೋ ಎಂಬ ಚರ್ಚೆ ಇದೆ. ಅಧಿಕಾರಕ್ಕೆ ಸುದ್ದಿ ಮುಟ್ಟಿಸೋನಿಗೂ ಗೂಢಚಾರನಿಗೂ ನಡುವಿನ ಗೆರೆ ಆವತ್ತೂ ತೆಳುವೇ ಇತ್ತು ಅನ್ನಿ.

ಅರ್ಥಶಾಸ್ತ್ರದಲ್ಲಿ ಆ ಗೆರೆಯೇ ಇಲ್ಲ. ಕಳೆದುಹೋಗಿದ್ದ ಆ ಗ್ರಂಥವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು. ಅದರ ಈಗಿನ ರೂಪ ಅಶೋಕನ ಕಾಲಕ್ಕಿಂತ ಈಚಿನದು ಅನ್ನೋರು ಬಹಳ ಜನ. ಇರಲಿ, ನನ್ನ ಕ್ಯಾರೆಕ್ಟರ್ ಶೀಟಿಗೆ ಅದು ರೆಡಿಮೇಡ್ ಪಟ್ಟಿ. ಒಂದೇ ಕಡೆ ನೆಲೆ ನಿಂತ ಬೇಹುಗಾರರು ಒಂದು ಬಗೆ: ಶಿಷ್ಯನ ವೇಷದವನು, ಸನ್ಯಾಸ ಬಿಟ್ಟವನು, ಒಕ್ಕಲಿಗ, ವ್ಯಾಪಾರಿ, ತಪಸ್ವಿ. ತಿರುಗಾಡುವವರು ಇನ್ನೊಂದು ಬಗೆ: ಸತ್ರಿ, ಕೊಲ್ಲಲು ಅಂಜದ ತೀಕ್ಷ್ಣ, ವಿಷ ಹಾಕುವವನು, ಭಿಕ್ಷುಕಿ. ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು. ಮೂರು ಕಡೆಯಿಂದ ಒಂದೇ ಸುದ್ದಿ ಬಂದರೆ ಮಾತ್ರ ನಂಬಬೇಕು. ನಾವು ಆಫೀಸಲ್ಲಿ ಮಾಡೋ ಡೇಟಾ ವೆರಿಫಿಕೇಶನ್ನೇ.

ಆದರೆ ಎರಡು ಕಡೆ ನಾನು ತಡೆದು ನಿಂತೆ. ಸತ್ರಿಗಳನ್ನು ಆರಿಸಬೇಕಾದದ್ದು ಬಂಧುಗಳಿಲ್ಲದ, ಸರ್ಕಾರವೇ ಸಾಕಬೇಕಾದ ಮಕ್ಕಳಿಂದ. ಇನ್ನು, ಶತ್ರುವಿನ ಬಳಿ ಕೆಲಸಕ್ಕೆ ಸೇರಿ ಎರಡೂ ಕಡೆ ಸಂಬಳ ತಿನ್ನುವ ‘ಉಭಯವೇತನ’ನನ್ನು ಕಳಿಸುವ ಮೊದಲು ಅವನ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು. ಅಂದರೆ ಬೇಹುಗಾರನಿಗೆ ಒಂದೋ ವಂಶವೇ ಇರಬಾರದು, ಇಲ್ಲವೇ ವಂಶ ಒತ್ತೆಯಲ್ಲಿರಬೇಕು. ‘ಲೆಗಸಿ’ ಅನ್ನೋ ಪದವನ್ನ ನಾನು ತಾತನ ಕತ್ತಿ, ಗುಪ್ತ ಉಂಗುರ, ಮನೆಯ ನೆಲಮಾಳಿಗೆ ಅಂತೆಲ್ಲ ಕಲ್ಪಿಸಿಕೊಂಡಿದ್ದೆ. ಅರ್ಥಶಾಸ್ತ್ರ ಹೇಳಿದ್ದು ಬೇರೆ: ಅಪ್ಪ ಮಾಡೋ ಕೆಲಸಕ್ಕೆ ಮಕ್ಕಳು ಜಾಮೀನು.

ಮೊದಲ ಖಾನೆಯಲ್ಲಿ ಬರೆದೆ: ಮಸ್ಕಿಯ ವ್ಯಾಪಾರಿ. ಸುವರ್ಣಗಿರಿಗೆ ಸುದ್ದಿ ಒಯ್ಯುವವನು. ಬಿಟ್ಟುಹೋದದ್ದು, ಒತ್ತೆಯಲ್ಲಿದ್ದ ಮಗ.

ಎರಡನೇ ತಲೆಮಾರಿಗೆ ಕಥೆ ಹುಡುಕಬೇಕಿರಲಿಲ್ಲ. ಫರಿಶ್ತಾ ಬರೆದಿಟ್ಟಿದ್ದಾನೆ.

1398ರಲ್ಲಿ ವಿಜಯನಗರದ ಸೈನ್ಯ ದೋಆಬಿಗೆ ನುಗ್ಗಿ ಕೃಷ್ಣೆಯ ದಂಡೆಯಲ್ಲಿ ಬೀಡು ಬಿಟ್ಟಿತ್ತು. ಆಚೆ ದಂಡೆಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾ. ಮಳೆಗಾಲ, ಹೊಳೆ ತುಂಬಿ ಹರಿಯುತ್ತಿದೆ, ದಾಟೋ ಹಾಗಿಲ್ಲ. ಆಗ ಖಾಜಿ ಸಿರಾಜ್ ಎಂಬಾತ ಮುಂದೆ ಬರುತ್ತಾನೆ. ಕೆಲವು ಸಂಗಡಿಗರ ಜೊತೆ ಫಕೀರರ ವೇಷದಲ್ಲಿ ಹೊಳೆ ದಾಟಿ, ರಾಯನ ಬೀಡಿನಲ್ಲಿ ನರ್ತಕಿಯರು ಇಳಿದುಕೊಂಡ ಕಡೆ ಹೋಗುತ್ತಾನೆ. ಒಬ್ಬಳ ಮೇಲೆ ಮರುಳಾದ ಹಾಗೆ ನಟಿಸುತ್ತಾನೆ. ಅವಳು ಆ ರಾತ್ರಿ ರಾಜಕುಮಾರನ ಡೇರೆಯಲ್ಲಿ ಕುಣಿಯಲು ಹೊರಟಿರುತ್ತಾಳೆ. ನನ್ನನ್ನೂ ಕರಕೊಂಡು ಹೋಗು ಅಂತಾನೆ. ವಾದ್ಯದವರಿಗೆ ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲ ಅಂತಾಳೆ. ಅವನು ಅವಳ ವಾದ್ಯ ತಗೊಂಡು ನುಡಿಸಿ ತೋರಿಸುತ್ತಾನೆ. ಅವಳು ಒಪ್ಪುತ್ತಾಳೆ. ರಾತ್ರಿ ಡೇರೆಯಲ್ಲಿ ಖಾಜಿಯೂ ಒಬ್ಬ ಗೆಳೆಯನೂ ಹೆಣ್ಣುವೇಷ ಹಾಕಿ, ಬಾಕು ಹಿಡಿದು ಕುಣಿಯುತ್ತಾರೆ. ಕುಣಿಯುತ್ತ ಕುಣಿಯುತ್ತ ಹತ್ತಿರ ಹೋಗಿ ರಾಜಕುಮಾರನ ಎದೆಗೆ ಇರಿಯುತ್ತಾರೆ. ಬೀಡಿನಲ್ಲಿ ಗದ್ದಲ. ಆ ಕತ್ತಲಲ್ಲೇ ಸುಲ್ತಾನನ ಪಡೆ ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟುತ್ತದೆ. ಬುಟ್ಟಿ ಅಂದ್ರೆ ಮತ್ತೇನಲ್ಲ, ನಮ್ಮ ಹರಗೋಲು.

ಇದನ್ನ ಮೇಜಿನ ಮುಂದೆ ಹೇಳಿದಾಗ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಯಾವ ವೆಬ್ ಸೀರೀಸಿಗೂ ಕಡಿಮೆ ಇಲ್ಲ. ಆದರೆ ಒಂದು ವಿಷಯ ಹೇಳಬೇಕು. ಫರಿಶ್ತಾ ಇದನ್ನು ಬರೆದದ್ದು ಬಿಜಾಪುರದಲ್ಲಿ, ಘಟನೆ ನಡೆದು ಸುಮಾರು ಇನ್ನೂರು ವರ್ಷ ಆದಮೇಲೆ, ಆದಿಲ್‌ಶಾಹಿಗಳ ಆಶ್ರಯದಲ್ಲಿ. ಆಗಿನ ವಿಜಯನಗರದ ರಾಜ ದೇವರಾಯ ಅಂತ ಅವನು ಬರೆಯುತ್ತಾನೆ. ಶಾಸನಗಳ ಪ್ರಕಾರ ಆಗ ಪಟ್ಟದಲ್ಲಿದ್ದವನು ಎರಡನೇ ಹರಿಹರ. ಹೀಗಾಗಿ ಯುದ್ಧ ನಡೆದದ್ದು ನಿಜವಾದರೂ ಡೇರೆಯೊಳಗಿನ ಕುಣಿತ ಎಷ್ಟು ನಿಜ, ಎಷ್ಟು ಲಾವಣಿ ಅಂತ ಬಿಡಿಸೋದು ಕಷ್ಟ. ಗೆದ್ದವರ ಬೇಹುಗಾರ ಕಥೆಯಲ್ಲಿ ಯಾವಾಗಲೂ ವೀರ, ಸೋತವರ ಬಾಯಲ್ಲಿ ಮೋಸಗಾರ.

ನಾನು ಎರಡನೇ ಖಾನೆಯಲ್ಲಿ ಖಾಜಿಯ ಜೊತೆ ಹೋದ ಒಬ್ಬ ಸಂಗಡಿಗನನ್ನು ಬರೆಯೋಣ ಅಂತಿದ್ದೆ. ಆಗ ಹಲ್ಲಿನ ಡಾಕ್ಟರ್ ಕೇಳಿದ: “ಅಲ್ಲಾ, ಆ ನರ್ತಕಿಗೆ ಏನಾಯ್ತು?”

ಅವಳಿಗೆ ಕಥೆಯಲ್ಲಿ ಹೆಸರಿಲ್ಲ. ಬಾಗಿಲು ತೆರೆದವಳು ಅವಳು. ಖಾಜಿ ತಪ್ಪಿಸಿಕೊಂಡು ಹೋಗಿ ಕಥೆಯಾದ. ಇವಳು ಮಾರನೇ ದಿನ ತನ್ನ ಜನರ ನಡುವೆ ಹೇಗೆ ತಲೆ ಎತ್ತಿದಳು? ಬೇಕಂತಲೇ ಕರೆತಂದಳೋ, ಮೋಸ ಹೋದಳೋ ಅಂತ ಯಾರು ಕೇಳಿಯಾರು? ನಾನು ಸಂಗಡಿಗನ ಹೆಸರು ಹೊಡೆದು ಹಾಕಿ, ‘ನರ್ತಕಿಯ ಮಗಳು’ ಅಂತ ಬರೆದೆ. ಬಿಟ್ಟುಹೋದದ್ದು, ಅನುಮಾನ.

ಮುದಗಲ್ಲಿನ ಕಥೆಯೂ ಇದೇ ಜಾಡಿನದು. ಮುದಗಲ್ ಇರೋದು ಲಿಂಗಸುಗೂರು ತಾಲ್ಲೂಕಿನಲ್ಲಿ. ಅಲ್ಲಿನ ಅಕ್ಕಸಾಲಿಗನ ಮಗಳ ಸಲುವಾಗಿ 1406ರಲ್ಲಿ ಯುದ್ಧವೇ ಆಯಿತು ಅಂತ ಫರಿಶ್ತಾ ಹೇಳುತ್ತಾನೆ. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಒಬ್ಬ ಬ್ರಾಹ್ಮಣ ಆ ಮನೆಯಲ್ಲಿ ಇಳಿದುಕೊಂಡು, ಹುಡುಗಿಗೆ ಸಂಗೀತ ಕಲಿಸುತ್ತಾನೆ. ಆಮೇಲೆ ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಅವಳ ರೂಪ ಬಣ್ಣಿಸುತ್ತಾನೆ. ರಾಜ ಒಡವೆ ಕಳಿಸಿದರೂ ಹುಡುಗಿ ಒಲ್ಲೆ ಅಂತಾಳೆ. ಹೊತ್ತು ತರಲು ದಂಡು ಬರುವಷ್ಟರಲ್ಲಿ ಮನೆಯವರು ಊರು ಬಿಟ್ಟಿರುತ್ತಾರೆ. ಸಿಟ್ಟಿಗೆದ್ದ ದಂಡು ಸುತ್ತಲ ಹಳ್ಳಿಗಳನ್ನು ಸುಲಿಯುತ್ತದೆ, ಅದಕ್ಕೆ ಸುಲ್ತಾನ ಯುದ್ಧ ಸಾರುತ್ತಾನೆ. ಅರ್ಥಶಾಸ್ತ್ರದ ಪಟ್ಟಿ ಇಟ್ಟುಕೊಂಡು ನೋಡಿ. ಅಲ್ಲಿ ತಪಸ್ವಿ, ಶಿಷ್ಯ. ಇಲ್ಲಿ ಫಕೀರ, ವಾದ್ಯದವನು, ಯಾತ್ರಿಕ, ಸಂಗೀತದ ಗುರು. ಎರಡೂ ಕಡೆ ಅವೇ ವೇಷಗಳು. ಯಾರಿಗೆ ಊರೂರು ತಿರುಗಲು ಜನ ದಾರಿ ಬಿಟ್ಟುಕೊಡುತ್ತಾರೋ ಅವರೇ ಬೇಹಿಗೆ ಬೇಕಾದವರು. ಅದರ ಬೆಲೆ ತೆತ್ತವರು ಮಾತ್ರ ಸುತ್ತಲ ಹಳ್ಳಿಯವರು.

ಮೂರನೇ ಖಾನೆಗೆ 1520ರ ರಾಯಚೂರು ಯುದ್ಧ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವ ಪ್ರಕಾರ, ಕೃಷ್ಣದೇವರಾಯ ಸಯ್ಯದ್ ಮರಕ್ಕಾರ್ ಎಂಬ ವರ್ತಕನಿಗೆ 40,000 ಪರ್ದಾವೊ ಕೊಟ್ಟು ಗೋವೆಯಿಂದ ಕುದುರೆ ತರಲು ಕಳಿಸಿದ. ಅವನು ಹಣದ ಸಮೇತ ಆದಿಲ್ ಶಾಹನ ಕಡೆ ಹೋಗಿಬಿಟ್ಟ. ಅವನನ್ನು ಒಪ್ಪಿಸಿ ಅಂದರೆ ಒಪ್ಪಿಸಲಿಲ್ಲ. ಯುದ್ಧಕ್ಕೆ ಅದೇ ನೆಪ. ಇದೇ ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಬೇಹುಗಾರ ಹೇಗಿರಬೇಕು ಅಂತಲೂ ಹೇಳುತ್ತಾನೆ: ಹಲವು ಭಾಷೆ ಬಲ್ಲವನಾಗಿರಬೇಕು, ಗುರುತು ಹಿಡಿಯುವಂಥ ಚಿಹ್ನೆ ಅವನ ಮೇಲೆ ಇರಬಾರದು.

ಹಲವು ಭಾಷೆ ಬಲ್ಲವನು. ಇಲ್ಲಿ ನನಗೆ ನಮ್ಮ ಸೀಮೆ ಕಣ್ಣ ಮುಂದೆ ಬಂತು. ದೋಆಬಿನಲ್ಲಿ ಇದು ಸ್ಪೆಷಲ್ ಸ್ಕಿಲ್ ಅಲ್ಲವೇ ಅಲ್ಲ. ಸಿಂಧನೂರಿನ ಸಂತೆಗೆ ಹೋದರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತು ಈಗಲೂ ಕೇಳುತ್ತೆ. ಕಾಲುವೆ ಬಂದಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿಯೂ ಸೇರಿತು. ಗೂಢಚಾರನಿಗೆ ನಮ್ಮಲ್ಲಿರೋ ಹೆಸರುಗಳನ್ನೇ ನೋಡಿ. ಬೇಹುಗಾರ ಕನ್ನಡದ್ದು, ಗೂಢಚಾರ ಸಂಸ್ಕೃತದ್ದು, ಜಾಸೂಸ್ ಅರಬಿಯಿಂದ, ಹರಕಾರ ಫಾರಸಿಯಿಂದ, ಬಾತ್ಮೀದಾರದಲ್ಲಿ ಮರಾಠಿಯ ಬಾತ್ಮಿ ಇದೆ. ಆಳಿದವರೆಲ್ಲ ಹೋದರು, ಹೋಗುವಾಗ ಒಂದೊಂದು ಪದ ಬಿಟ್ಟುಹೋದರು.

1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಬ್ರಿಟಿಷರ ದಂಡು ಹೊರಟದ್ದು ಲಿಂಗಸುಗೂರಿನ ಛಾವಣಿಯಿಂದ. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು, ನಿಜಾಮನ ರಾಜ್ಯದಲ್ಲಿ. ಕಚೇರಿ ಇದ್ದ ಕಡೆ ಕಾಗದ, ಕಾಗದ ಇದ್ದ ಕಡೆ ಕಾಗದ ಓದುವವನು. ಮೂರನೇ ಖಾನೆಯಲ್ಲಿ ‘ಛಾವಣಿಯ ದುಭಾಷಿ’ ಅಂತ ಬರೆದೆ. ಬಿಟ್ಟುಹೋದದ್ದು, ಭಾಷೆ.

ನಾಲ್ಕನೇ ಖಾನೆ 1948. ಇದಕ್ಕೆ ಪುಸ್ತಕ ಯಾಕೆ, ನಮ್ಮ ಮನೆಯ ಹೆಸರೇ ಇದೆಯಲ್ಲ! ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ನಮ್ಮ ಮನಿಗೆ ಜಾಸೂಸರ ಮನಿ ಅಂತಾರಲ್ಲ, ಆ ಜಾಸೂಸ ಯಾರು?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಯಾಕ ಬೇಕಿತ್ತು ಈಗ?” ಅಂದರು.

ಆಟದ ವಿಷಯ ಹೇಳಿದೆ. “ಅದನ್ನ ಆಟಕ್ಕ ಹಚ್ಚೀಯೇನು?” ಅಂದರು. ಬೈಗುಳ ಅಲ್ಲ. ನಿಜವಾಗಿ ಕೇಳಿದ್ದು. ಆಮೇಲೆ ಹೇಳಿದರು. ಆ ಒಂದು ಫೋನಿನಲ್ಲಿ ನಮ್ಮಪ್ಪ ಮಾತಾಡಿದಷ್ಟು ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ.

ನಮ್ಮಜ್ಜನಿಗೆ ಒಬ್ಬ ಅಣ್ಣ ಇದ್ದ. ನಾನು ಹುಟ್ಟೋಕೆ ಬಹಳ ಮುಂಚೆ ತೀರಿಹೋದವನು. ನಿಜಾಮರ ಕಾಲದಲ್ಲಿ ಕಚೇರಿ, ಕೋರ್ಟು, ಪೊಲೀಸು ಎಲ್ಲ ಉರ್ದುವಿನಲ್ಲಿ. ಊರಿನಲ್ಲಿ ಉರ್ದು ಓದಿ ಬರೆಯೋಕೆ ಬರುತ್ತಿದ್ದ ಕೆಲವೇ ಜನರಲ್ಲಿ ದೊಡ್ಡಜ್ಜ ಒಬ್ಬ. ಅರ್ಜಿ ಬರೆದುಕೊಡೋದು, ಸಮನ್ಸ್ ಓದಿ ಹೇಳೋದು, ಹೊಲದ ಪತ್ರ ಬಿಡಿಸಿ ಹೇಳೋದು. ಇಷ್ಟು ಅವನ ಕೆಲಸ. ಯಾರು ಬಂದರೂ ಓದುತ್ತಿದ್ದ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಹೈದರಾಬಾದ್ ಸಂಸ್ಥಾನ ಬೇರೆಯೇ ಉಳಿಯಿತು. ತುಂಗಭದ್ರೆಯ ಆಚೆ ದಂಡೆ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ, ಸ್ವತಂತ್ರ ಭಾರತ. ಈಚೆ ದಂಡೆ ನಿಜಾಮನದು, ಖಾಸಿಂ ರಜ್ವಿಯ ರಜಾಕಾರರ ಹಾವಳಿ. ಒಂದು ಹೊಳೆ ಎರಡು ದೇಶ ಮಾಡಿತು. ಗಡಿಯುದ್ದಕ್ಕೂ, ಮುಂಡರಗಿ, ಗಜೇಂದ್ರಗಡದಂಥ ಕಡೆ, ಹೋರಾಟಗಾರರ ಶಿಬಿರಗಳು ಎದ್ದವು. ಅಲ್ಲಿಂದ ಬಂದು ನಿಜಾಮನ ಠಾಣೆ, ಕರೋಡಗೀರಿ ನಾಕಾಗಳ ಮೇಲೆ ದಾಳಿ ಮಾಡಿ ವಾಪಸ್ ಹೋಗೋದು. ಇಂಥ ಹೊತ್ತಿನಲ್ಲಿ ಎರಡೂ ಕಡೆಯವರಿಗೂ ಒಂದೇ ಚಿಂತೆ: ನಮ್ಮ ಸುದ್ದಿಯನ್ನ ಆ ಕಡೆ ಹೇಳುವವನು ಯಾರು?

ದೊಡ್ಡಜ್ಜನ ಹತ್ತಿರ ಎರಡೂ ಕಡೆಯವರ ಕಾಗದ ಬರುತ್ತಿದ್ದವು. ಪೊಲೀಸರ ನೋಟೀಸನ್ನೂ ಅವನೇ ಓದಬೇಕು, ಶಿಬಿರಕ್ಕೆ ಹೋದ ಹುಡುಗನ ತಾಯಿಗೆ ಬಂದ ಪತ್ರವನ್ನೂ ಅವನೇ ಓದಬೇಕು. ಅಪ್ಪ ಹೇಳಿದ್ದು ಹೀಗೆ: “ಅಂವಗ ಎಲ್ಲಾರ ಗುಟ್ಟೂ ಗೊತ್ತಿತ್ತು. ಅಂವ ಕೇಳಿ ತಿಳಕೊಂಡಿದ್ದಲ್ಲ. ಇವರಽ ತಂದು ಅಂವನ ಕೈಯಾಗ ಕೊಟ್ಟಿದ್ದು.”

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು. 17ಕ್ಕೆ ಎಲ್ಲ ಮುಗಿಯಿತು. ಅದಾದ ಮೇಲೆ ಊರಲ್ಲಿ ಲೆಕ್ಕ ಚುಕ್ತಾ ಮಾಡೋ ದಿನಗಳು. ಶಿಬಿರಕ್ಕೆ ಹೋಗುತ್ತಿದ್ದ ಒಬ್ಬ ಹುಡುಗ ಬೇಸಿಗೆಯಲ್ಲಿ ಸಿಕ್ಕಿಬಿದ್ದಿದ್ದ. ಹೇಳಿದವರು ಯಾರು? ಯಾರೋ ದೊಡ್ಡಜ್ಜನ ಹೆಸರು ತೆಗೆದರು. ಪುರಾವೆ ಇರಲಿಲ್ಲ. ಅಂವ ಉರ್ದು ಬಲ್ಲ ಅನ್ನೋದೇ ಪುರಾವೆ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಅವನ ಕಟ್ಟೆಗೆ ಬರೋದು ಬಿಟ್ಟರು ಅಷ್ಟೇ. ಆರು ತಿಂಗಳು ನೋಡಿ, ಅವನು ಒಂದು ಬೆಳಿಗ್ಗೆ ಹೊಳೆ ದಾಟಿ ಆದವಾನಿಯ ಕಡೆ ಹೋದ. ಯಾವುದೋ ಅರಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದನಂತೆ. ವಾಪಸ್ ಬರಲಿಲ್ಲ. ಹೆಸರು ಮಾತ್ರ ನಮ್ಮ ಮನೆಗೆ ಅಂಟಿಕೊಂಡಿತು. ಅತ್ತೆಯ ಒಂದು ಸಂಬಂಧ ಆ ಹೆಸರಿನಿಂದಲೇ ಮುರಿದುಬಿತ್ತು. ಯಾರಾದರೂ ಆ ಮಾತು ಆಡಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳಂತೆ. ಮೂರನೇ ತಲೆಮಾರಿನ ನಾನು ಅದನ್ನ ಬನಶಂಕರಿಯಲ್ಲಿ ನಗುತ್ತ ಹೇಳಿದ್ದೆ.

“ಅಂವ ಹೇಳಿದ್ದನೋ ಇಲ್ಲೋ?” ಅಂತ ಕೇಳಿದೆ. ಕೇಳಬಾರದಿತ್ತೇನೋ.

“ಯಾರಿಗೆ ಗೊತ್ತಪಾ?” ಅಂದರು ಅಪ್ಪ. “ನಮ್ಮಪ್ಪನೂ ಅಂವನ್ನ ಕೇಳಲಿಲ್ಲ. ಅದಽ ಅಂವಗ ಭಾಳ ಹತ್ತಿತ್ತಂತ.”

ಮುಂದಿನ ಶನಿವಾರ ಆಟಕ್ಕೆ ಹೋಗೋ ಮನಸ್ಸಿರಲಿಲ್ಲ. ಹೋದೆ. ಎಲ್ಲ ಹೇಳಿದೆ. ಯಾರೂ ಹೋ ಅನ್ನಲಿಲ್ಲ. ನಮ್ಮ ಬ್ಯಾಂಕಿನ ಗೆಳೆಯ ಕಲಬುರಗಿ ಕಡೆಯವನು, ಮುಸ್ಲಿಂ. ಅವನು ಅಲ್ಲಿಯವರೆಗೂ ಈ ನಾಲ್ಕು ತಲೆಮಾರಿನ ಕಥೆಯಲ್ಲಿ ಹೆಚ್ಚು ಮಾತಾಡಿರಲಿಲ್ಲ. ಆವತ್ತು ದಾಳ ಕೈಯಲ್ಲಿ ಹಿಡಿದು ಸುಮ್ಮನೆ ಒಂದು ಮಾತು ಹೇಳಿದ: “ನಿಮ್ಮ ದೊಡ್ಡಜ್ಜ ಉರ್ದು ಕಲಿತಿದ್ದಕ್ಕೆ ಜಾಸೂಸ್ ಆದ. ನಮ್ಮ ಕಡೆ ಕಲೀಬೇಕಾಗಿರಲಿಲ್ಲ. ಹೆಸರೇ ಸಾಕಾಗಿತ್ತು.”

ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಏನಾಯಿತು ಅಂತ ನೋಡಲು ಆಗಿನ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ಅವರ ಸಮಿತಿಯನ್ನ ಕಳಿಸಿತ್ತು. ಸತ್ತವರ ಸಂಖ್ಯೆ ಕಡಿಮೆ ಅಂದರೂ 27,000ದಿಂದ 40,000 ಅಂತ ಸಮಿತಿ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಇದ್ದವು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ರಜಾಕಾರರ ಕ್ರೌರ್ಯದ ಕಥೆ ನಾವು ಮನೆಮನೆಯಲ್ಲಿ ಕೇಳಿದ್ದೇವೆ, ಅದು ಸುಳ್ಳಲ್ಲ. ಇದನ್ನ ಕೇಳಿರಲಿಲ್ಲ. ಅವನ ಅಜ್ಜ ರಜಾಕಾರ ಆಗಿರಲಿಲ್ಲ, ಚಪ್ಪಲಿ ಅಂಗಡಿ ಇಟ್ಟಿದ್ದ. ಅದನ್ನ ಹೇಳಿ ಮುಗಿಸಿ, “ಆಡೋಣ ನಡೀರಿ” ಅಂದ.

ಆವತ್ತು ನನ್ನ ಶೀಟನ್ನ ಹರಿದು ಹೊಸದು ಬರೆದೆ. ಹಳೇದರಲ್ಲಿ ನನ್ನ ಪಾತ್ರಕ್ಕೆ ಬಾಕು ಎಸೆಯೋದರಲ್ಲಿ ಹದಿನೆಂಟು ಅಂಕ ಇತ್ತು. ಹೊಸದರಲ್ಲಿ ಇರೋದು ಇಷ್ಟು. ಹೆಂಗಸು, ನಲವತ್ತು ವರ್ಷ, ಹೊಳೆದಂಡೆಯ ಊರು. ಕೆಲಸ, ಬೇರೆಯವರ ಕಾಗದ ಓದಿ ಹೇಳೋದು. ಭಾಷೆ ನಾಲ್ಕು. ಆಯುಧ ಇಲ್ಲ. ಅವಳು ನಿಜವಾಗಿ ಬೇಹುಗಾರ್ತಿಯೋ ಅಲ್ಲವೋ ಅನ್ನೋ ಖಾನೆ ಖಾಲಿ ಬಿಟ್ಟಿದ್ದೇನೆ. ಆಟ ನಡೆಸೋ ಗೆಳತಿ ಅದಕ್ಕೊಂದು ನಿಯಮ ಮಾಡಿದಳು: ಅವಳಿಗೆ ಒಂದು ಗುಟ್ಟು ಗೊತ್ತಾದಾಗಲೆಲ್ಲ ಊರಿನ ಅನುಮಾನ ಒಂದು ಅಂಕ ಏರಬೇಕು. ಅವಳು ಆ ಗುಟ್ಟನ್ನ ಯಾರಿಗೂ ಹೇಳದಿದ್ದರೂ ಏರಬೇಕು. ಆ ಅಂಕ ಕಳೆಯೋದು ಇನ್ನೊಬ್ಬ ಆಟಗಾರ ಅವಳ ಕಟ್ಟೆಗೆ ಬಂದು, ತನ್ನ ಕಾಗದವನ್ನ ಅವಳ ಕೈಗೆ ಕೊಟ್ಟಾಗ ಮಾತ್ರ.

ಮೊನ್ನೆ ಬ್ಯಾಂಕಿನ ಗೆಳೆಯನ ಪಾತ್ರ ಬಂತು. ಅವನದು ಚಪ್ಪಲಿ ಅಂಗಡಿಯವನು. ಮೇಜಿನ ಮೇಲೆ ಒಂದು ಮಡಚಿದ ಚೀಟಿ ಇಟ್ಟು, “ಅಕ್ಕಾರ, ಇದನ್ನ ಸ್ವಲ್ಪ ಓದಿ ಹೇಳ್ರಿ” ಅಂದ. ನನಗೆ ಒಂದು ನಿಮಿಷ ದನಿ ಹೊರಡಲಿಲ್ಲ.

ರಾತ್ರಿ ಮನೆಗೆ ಬಂದಾಗ ಅಪ್ಪನ ಫೋನು. ಆಟ ಅಂದ್ರೆ ಏನು ಅಂತ ಅವರಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಆದರೆ ಈಗ ಪ್ರತಿ ಶನಿವಾರ ಕೇಳುತ್ತಾರೆ.

“ನಿಮ್ಮ ಆಟದಾಗ ಅಂವ ಊರಿಗೆ ವಾಪಸ್ ಬರ್ತಾನೇನು?”

ಅವನಲ್ಲ ಅಪ್ಪಾ, ಈ ಸಲ ಅವಳು ಅಂದೆ. ಇನ್ನೂ ಊರು ಬಿಟ್ಟಿಲ್ಲ ಅಂದೆ.

“ಹಂಗಾದ್ರ ಬಿಡಬ್ಯಾಡ ಅನ್ನು” ಅಂದರು.